ಕಡುಬಡವರೆಲ್ಲ ‘ಡೆಸ್ಟಿಟ್ಯೂಟ್’ ಅಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಂದೇ ಇಂಗ್ಲಿಷ್ ಪದ ಮತ್ತೆ ಮತ್ತೆ ಕಾಣಿಸಿತು. ‘ಡೆಸ್ಟಿಟ್ಯೂಟ್’. ಕೆಲವರಿಗೆ ಅದು ಪರೀಕ್ಷೆಯಲ್ಲಿ ಬಂದಿದೆ, ಕೆಲವರಿಗೆ ಅರ್ಜಿ ಫಾರಂನಲ್ಲಿ, ಇನ್ನು ಕೆಲವರಿಗೆ ಕೋರ್ಟಿನ ಕಾಗದದಲ್ಲಿ. ಹಾಗಾಗಿ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇವೆ.

ಪ್ರಶ್ನೆ: ಸರ್, ನಾನು ಬಿ.ಎ. ಓದುತ್ತಿದ್ದೇನೆ. ಸ್ಕಾಲರ್‌ಶಿಪ್‌ಗೆ ಇಂಗ್ಲಿಷ್‌ನಲ್ಲಿ ಅರ್ಜಿ ಬರೆದೆ. ಅದರಲ್ಲಿ ‘ಅವರ್ ಫ್ಯಾಮಿಲಿ ಈಸ್ ವೆರಿ ಡೆಸ್ಟಿಟ್ಯೂಟ್’ ಅಂತ ಒಂದು ಸಾಲು ಹಾಕಿದ್ದೆ. ಅಪ್ಪ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ದಿನಗೂಲಿ. ನಮ್ಮ ಮೇಡಂ ಆ ಸಾಲಿಗೆ ಕೆಂಪು ಗೆರೆ ಎಳೆದು ‘ಇದು ಬೇಡ’ ಅಂದರು, ಕಾರಣ ಹೇಳಲಿಲ್ಲ. ಡಿಕ್ಷನರಿಯಲ್ಲಿ ‘ತುಂಬಾ ಬಡ’ ಅಂತಲೇ ಇದೆಯಲ್ಲ? (ಶಿಡ್ಲಘಟ್ಟದ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಮೇಡಂ ಗೆರೆ ಎಳೆದದ್ದು ಸರಿಯೇ, ಕಾರಣ ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಮೊದಲು ‘ವೆರಿ’ ವಿಷಯ. ‘ಡೆಸ್ಟಿಟ್ಯೂಟ್’ ಅನ್ನುವ ಪದದಲ್ಲೇ ಕೊನೆಯ ಮಟ್ಟ ಇದೆ. ಅದಕ್ಕಿಂತ ಕೆಳಗೆ ಇನ್ನೊಂದು ಮೆಟ್ಟಿಲಿಲ್ಲ. ಹಾಗಾಗಿ ಇಂಗ್ಲಿಷ್ ಬಲ್ಲವರು ‘ವೆರಿ ಡೆಸ್ಟಿಟ್ಯೂಟ್’ ಅಂತ ಸಾಮಾನ್ಯವಾಗಿ ಬರೆಯುವುದಿಲ್ಲ. ಒತ್ತಿ ಹೇಳಬೇಕಾದರೆ ‘ಅಟರ್ಲಿ ಡೆಸ್ಟಿಟ್ಯೂಟ್’, ‘ಕಂಪ್ಲೀಟ್ಲಿ ಡೆಸ್ಟಿಟ್ಯೂಟ್’ ಅನ್ನುತ್ತಾರೆ, ಹತ್ತಿರಕ್ಕೆ ಬಂದಿದೆ ಅನ್ನಬೇಕಾದರೆ ‘ಆಲ್‌ಮೋಸ್ಟ್ ಡೆಸ್ಟಿಟ್ಯೂಟ್’.

ಇದು ವ್ಯಾಕರಣದ ಮಾತು ಆಯಿತು. ಅದಕ್ಕಿಂತ ದೊಡ್ಡ ವಿಷಯ ಅರ್ಥದ್ದು. ನಿಮ್ಮ ಡಿಕ್ಷನರಿ ಹೇಳಿದ ‘ತುಂಬಾ ಬಡ’ ಅರ್ಧ ಅರ್ಥ ಮಾತ್ರ. ಈ ಪದ ಲ್ಯಾಟಿನ್ನಿಂದ ಬಂದಿದೆ, ಅಲ್ಲಿ ಅದರ ಮೂಲ ಅರ್ಥ ‘ಬಿಟ್ಟುಹೋದ’, ‘ಕೈಬಿಟ್ಟ’ ಅಂತ. ದುಡ್ಡಿಲ್ಲ ಅನ್ನುವ ಅರ್ಥ ಆಮೇಲೆ ಸೇರಿಕೊಂಡಿತು. ಇವತ್ತಿಗೂ ಪದದಲ್ಲಿ ಎರಡೂ ಇವೆ: ಹೊಟ್ಟೆಗೆ, ಬಟ್ಟೆಗೆ, ಇರುವುದಕ್ಕೆ ಏನೂ ಇಲ್ಲ, ಮತ್ತು ಎತ್ತಿ ಹಿಡಿಯುವವರು ಯಾರೂ ಇಲ್ಲ. ನಮ್ಮಲ್ಲಿ ‘ದಿಕ್ಕಿಲ್ಲದವರು’ ಅನ್ನುತ್ತೇವಲ್ಲ, ‘ಗತಿಗೆಟ್ಟವರು’ ಅನ್ನುತ್ತೇವಲ್ಲ, ಅದರ ಹತ್ತಿರದ್ದು. ಬರೀ ‘ಬಡವರು’ ಅಲ್ಲ.

ಸರ್ಕಾರದ ಕಾಗದದಲ್ಲೇ ಇದಕ್ಕೆ ಚೆನ್ನಾದ ವಿವರಣೆ ಇತ್ತು. 1995ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವೃದ್ಧಾಪ್ಯ ವೇತನ ಶುರು ಮಾಡಿದಾಗ 65 ದಾಟಿದ ‘ಡೆಸ್ಟಿಟ್ಯೂಟ್’ ವೃದ್ಧರಿಗೆ ತಿಂಗಳಿಗೆ 75 ರೂಪಾಯಿ ಕೊಡುವುದು ಎಂದಾಯಿತು. ಡೆಸ್ಟಿಟ್ಯೂಟ್ ಯಾರು ಅಂದರೆ, ಸ್ವಂತ ಆದಾಯದಿಂದಾಗಲಿ, ಮನೆಯವರ ಅಥವಾ ಬೇರೆಯವರ ನೆರವಿನಿಂದಾಗಲಿ ಬದುಕುವುದಕ್ಕೆ ಖಾಯಂ ದಾರಿ ಇಲ್ಲದವರು, ಅಥವಾ ಇದ್ದರೂ ಅದು ತೀರಾ ಕಡಿಮೆ ಇರುವವರು. ನೋಡಿ, ಎರಡೂ ಕಡೆ ಬಾಗಿಲು ಮುಚ್ಚಿರಬೇಕು. ಸ್ವಂತದ್ದೂ ಇಲ್ಲ, ಮನೆಯವರದ್ದೂ ಇಲ್ಲ. 2007ರಲ್ಲಿ ಈ ಷರತ್ತನ್ನು ತೆಗೆದು ‘ಬಡತನ ರೇಖೆಗಿಂತ ಕೆಳಗಿರುವ ಕುಟುಂಬದವರು’ ಎಂದು ಬದಲಾಯಿಸಿದರು. ಎರಡು ಷರತ್ತುಗಳ ನಡುವಿನ ದೂರ ಎಷ್ಟು ಅಂತ ಅದರಿಂದಲೇ ತಿಳಿಯುತ್ತದೆ.

ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ಅಪ್ಪ ಬೆಳಿಗ್ಗೆ ಎದ್ದು ಕುದಿಯುವ ನೀರಿನ ಬಟ್ಟಲ ಮುಂದೆ ಕೂತು, ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ, ಹತ್ತಾರು ಎಳೆ ಸೇರಿಸಿ ರಾಟೆಗೆ ಹಾಕುವ ಕೆಲಸ ಮಾಡುತ್ತಾರೆ. ಬೆರಳ ತುದಿಯ ಚರ್ಮ ಬೆಳ್ಳಗೆ ನೆನೆದು ಸುಲಿದುಹೋಗುವ ಕೆಲಸ ಅದು. ಆ ಕೈ ದುಡಿದು ಮನೆ ನಡೆಸುತ್ತಿದೆ, ನಿಮ್ಮನ್ನು ಡಿಗ್ರಿ ಓದಿಸುತ್ತಿದೆ. ಇಂಥ ಮನೆಯನ್ನು ‘ಡೆಸ್ಟಿಟ್ಯೂಟ್’ ಅಂದರೆ ಆ ದುಡಿಮೆಯನ್ನೇ ಇಲ್ಲ ಅಂದ ಹಾಗಾಗುತ್ತದೆ. ನಿಮಗೆ ಕಷ್ಟ ಇದೆ, ಸಹಾಯ ಬೇಕು, ಅದನ್ನು ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಇರುವುದನ್ನು ಇರುವ ಹಾಗೆ ಬರೆಯಿರಿ.

ಅರ್ಜಿ ಓದುವವರಿಗೂ ಅದೇ ಬೇಕು. ‘ವೆರಿ ಪೂರ್’, ‘ವೆರಿ ನೀಡಿ’ ಅನ್ನುವ ಸಾಲುಗಳನ್ನು ಅವರು ದಿನವೂ ಓದುತ್ತಾರೆ, ಅದರಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: ‘ಮೈ ಫಾದರ್ ಈಸ್ ಎ ಡೈಲಿ ವೇಜ್ ವರ್ಕರ್ ಇನ್ ಎ ಸಿಲ್ಕ್ ರೀಲಿಂಗ್ ಯೂನಿಟ್. ವೆನ್ ದಿ ಯೂನಿಟ್ ಈಸ್ ಕ್ಲೋಸ್ಡ್, ವಿ ಹ್ಯಾವ್ ನೋ ಇನ್‌ಕಮ್.’ ಗೂಡಿನ ರೇಟು ಏರಿ ಘಟಕ ನಿಂತಾಗ ಎಷ್ಟು ದಿನ ಕೂಲಿ ಇರುವುದಿಲ್ಲ, ಫೀಸು ಎಷ್ಟು, ಬಸ್ಸಿಗೆ ಎಷ್ಟು, ಇದನ್ನೆಲ್ಲ ಅಂಕಿಯಲ್ಲಿ ಕೊಡಿ. ವಿಶೇಷಣಕ್ಕಿಂತ ಅಂಕಿ ಜಾಸ್ತಿ ಮಾತಾಡುತ್ತದೆ. ವಿಶೇಷಣ ಬೇಕೇ ಬೇಕು ಅಂದರೆ ‘ಫೈನಾನ್ಷಿಯಲಿ ವೀಕ್’ ಅಥವಾ ‘ಲೋ ಇನ್‌ಕಮ್’ ಸಾಕು.

ಪ್ರಶ್ನೆ: ಪೂರ್, ಪೆನಿಲೆಸ್, ಬ್ರೋಕ್, ಇಂಪಾವರಿಶ್ಡ್, ಡೆಸ್ಟಿಟ್ಯೂಟ್. ಎಲ್ಲದಕ್ಕೂ ಗೈಡ್‌ನಲ್ಲಿ ‘ಬಡ’ ಅಂತಲೇ ಬರೆದಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಹೇಗೆ ನೆನಪಿಟ್ಟುಕೊಳ್ಳಬೇಕು? (ಬಂಗಾರಪೇಟೆ)

ಉತ್ತರ: ಗೈಡ್ ಪಕ್ಕಕ್ಕಿಡಿ, ನಿಮ್ಮ ಪಕ್ಕದ ಊರನ್ನೇ ನೋಡಿ. ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನೂರು ವರ್ಷಕ್ಕೂ ಮೇಲೆ ಗಣಿಯನ್ನೇ ನಂಬಿಕೊಂಡಿದ್ದ ಊರು. ಸಂಬಳ ನಿಂತಿತು, ಅಂಗಡಿ ವ್ಯಾಪಾರ ಬಿತ್ತು. ಆ ಊರನ್ನು ‘ಇಂಪಾವರಿಶ್ಡ್’ ಅನ್ನಬಹುದು, ಮೊದಲು ಒಂದು ಸ್ಥಿತಿಯಲ್ಲಿದ್ದು ಆಮೇಲೆ ಬಡವಾದದ್ದು. ಈ ಪದ ಭೂಮಿಗೂ ಸಲ್ಲುತ್ತದೆ, ಸಾರ ಕಳೆದುಕೊಂಡ ಮಣ್ಣಿಗೆ ‘ಇಂಪಾವರಿಶ್ಡ್ ಸಾಯಿಲ್’ ಅನ್ನುತ್ತಾರೆ. ಆದರೆ ಆ ಊರಿನ ಜನ ಬೆಳಗಿನ ಜಾವ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುತ್ತಾರಲ್ಲ, ನೀವೂ ಅದೇ ಲೈನಿನವರು, ನೋಡಿಯೇ ಇರುತ್ತೀರಿ. ಅವರನ್ನು ‘ಡೆಸ್ಟಿಟ್ಯೂಟ್’ ಅನ್ನುವುದಕ್ಕೆ ಆಗುವುದಿಲ್ಲ. ನಿದ್ದೆಗೆಟ್ಟು ದುಡಿಯುತ್ತಿದ್ದಾರೆ, ಮನೆ ನಡೆಸುತ್ತಿದ್ದಾರೆ. ಗಂಡ ಸತ್ತು, ಮಕ್ಕಳು ದೂರವಾಗಿ, ಕೆಲಸ ಮಾಡುವ ವಯಸ್ಸೂ ದಾಟಿ, ಅಕ್ಕಪಕ್ಕದವರು ಕೊಟ್ಟರೆ ಊಟ ಇಲ್ಲದಿದ್ದರೆ ಇಲ್ಲ ಅನ್ನುವ ಸ್ಥಿತಿಗೆ ಬಂದ ಒಬ್ಬ ಅಜ್ಜಿ ಇದ್ದರೆ, ಅವರಿಗೆ ಆ ಪದ ಸಲ್ಲುತ್ತದೆ.

ಉಳಿದವು ಸುಲಭ. ‘ಪೂರ್’ ಎಲ್ಲಕ್ಕೂ ಬರುವ ಸಾಮಾನ್ಯ ಪದ. ‘ಬ್ರೋಕ್’ ಮಾತಿನ ಪದ, ತಿಂಗಳ ಕೊನೆಗೆ ಜೇಬು ಖಾಲಿ ಆಗುವುದು, ಒಂದನೇ ತಾರೀಕಿಗೆ ಸರಿಹೋಗುತ್ತದೆ. ಅರ್ಜಿಯಲ್ಲಿ ಬರೆಯಬೇಡಿ. ‘ಪೆನಿಲೆಸ್’ ಅಂದರೆ ಕೈಯಲ್ಲಿ ಕಾಸಿಲ್ಲ, ಆದರೆ ನೋಡಿಕೊಳ್ಳುವವರು ಇರಬಹುದು. ‘ನೀಡಿ’ ಅಂದರೆ ನೆರವು ಬೇಕಾದವರು. ಪರೀಕ್ಷೆಯಲ್ಲಿ ಎಡವಿಸುವ ಪದ ‘ಪೆನ್ಯೂರಿಯಸ್’. ಅದಕ್ಕೆ ಕಡುಬಡವ ಅನ್ನುವ ಅರ್ಥವೂ ಇದೆ, ಕೈ ಬಿಗಿ ಹಿಡಿಯುವ ಜಿಪುಣ ಅನ್ನುವ ಅರ್ಥವೂ ಇದೆ. ವಾಕ್ಯ ಪೂರ್ತಿ ಓದದೆ ಟಿಕ್ ಹಾಕಬೇಡಿ.

ಪ್ರಶ್ನೆ: ‘ಡೆಸ್ಟಿಟ್ಯೂಟ್ ಆಫ್’ ಅಂತ ಒಂದು ಪ್ರಯೋಗ ಓದಿದೆ, ಅಲ್ಲಿ ದುಡ್ಡಿನ ವಿಷಯವೇ ಇರಲಿಲ್ಲ. ತಪ್ಪಾ? (ಮಾಲೂರು)

ಉತ್ತರ: ತಪ್ಪಲ್ಲ, ಹಳೆಯದು. ‘ಡೆಸ್ಟಿಟ್ಯೂಟ್ ಆಫ್ ಹೋಪ್’ ಅಂದರೆ ಭರವಸೆಯೇ ಇಲ್ಲದ. ‘ಡೆಸ್ಟಿಟ್ಯೂಟ್ ಆಫ್ ಟ್ರೀಸ್’ ಅಂತ ಬೋಳು ಗುಡ್ಡದ ಬಗ್ಗೆಯೂ ಹಿಂದಿನ ಬರಹಗಳಲ್ಲಿ ಸಿಗುತ್ತದೆ. ಪದದ ನಂತರ ‘ಆಫ್’ ಬಂತು ಅಂದರೆ ಬಡತನ ಹೋಗಿ ‘ಇಲ್ಲದ’ ಅನ್ನುವ ಅರ್ಥ ನಿಲ್ಲುತ್ತದೆ. ಈಗ ಆ ಜಾಗದಲ್ಲಿ ‘ಡಿವಾಯ್ಡ್ ಆಫ್’ ಜಾಸ್ತಿ ಬಳಸುತ್ತಾರೆ. ಇದ್ದು ಕಳೆದುಕೊಂಡದ್ದಾದರೆ ‘ಬಿರೆಫ್ಟ್ ಆಫ್’. ನೀವು ಹೊಸದಾಗಿ ಬರೆಯುವಾಗ ಈ ಎರಡನ್ನು ಬಳಸಿ, ಡೆಸ್ಟಿಟ್ಯೂಟ್ ಅನ್ನು ಮನುಷ್ಯರ ಕಷ್ಟಕ್ಕೇ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ತಂದೆ ತೀರಿಕೊಂಡು ಎರಡು ವರ್ಷ ಆಯಿತು. ತಾಯಿಗೆ ವಿಧವಾ ವೇತನಕ್ಕೆ ಅರ್ಜಿ ಹಾಕೋಣ ಅಂದರೆ, ಅದರ ಹೆಸರು ಇಂಗ್ಲಿಷ್‌ನಲ್ಲಿ ‘ಡೆಸ್ಟಿಟ್ಯೂಟ್ ವಿಡೋ ಪೆನ್ಷನ್’, ಕನ್ನಡದಲ್ಲಿ ‘ನಿರ್ಗತಿಕ ವಿಧವಾ ವೇತನ’. ನಮಗೆ ಹೆಂಚಿನ ಮನೆ ಇದೆ, ಎರಡು ಕುರಿ ಇವೆ. ಅಮ್ಮ ‘ನಾನೇನು ನಿರ್ಗತಿಕಳಾ? ಸುಳ್ಳು ಹೇಳಿ ದುಡ್ಡು ತಗೊಳ್ಳೋದು ಬೇಡ’ ಅಂತ ಹಟ ಹಿಡಿದಿದ್ದಾರೆ. ಏನು ಹೇಳಲಿ? (ಮಧುಗಿರಿ ತಾಲ್ಲೂಕು)

ಉತ್ತರ: ನಿಮ್ಮ ತಾಯಿಯವರ ಮಾತು ಓದಿ ತುಂಬಾ ಗೌರವ ಅನಿಸಿತು. ಅವರಿಗೆ ಹೀಗೆ ಹೇಳಿ: ಅಮ್ಮಾ, ಅದು ಯೋಜನೆಯ ಹೆಸರು, ನಿನ್ನ ಹೆಸರಲ್ಲ.

ಈ ವೇತನ ಕರ್ನಾಟಕದಲ್ಲಿ 1984ರಿಂದ ಇದೆ. ಹೆಸರು ಆ ಕಾಲದ್ದು, ಹಾಗೇ ಉಳಿದುಕೊಂಡಿದೆ. ಅರ್ಜಿ ತೆಗೆದುಕೊಳ್ಳುವಾಗ ‘ನೀವು ಎಲ್ಲ ಕಳೆದುಕೊಂಡು ಬೀದಿಗೆ ಬಿದ್ದಿದ್ದೀರಾ’ ಅಂತ ಯಾರೂ ಕೇಳುವುದಿಲ್ಲ. ನೋಡುವುದು ಗಂಡ ತೀರಿಕೊಂಡಿದ್ದಾರಾ, ಮರುಮದುವೆ ಆಗಿಲ್ಲವಾ, ವಯಸ್ಸು ಎಷ್ಟು, ಮನೆಯ ವಾರ್ಷಿಕ ಆದಾಯ ಸರ್ಕಾರ ಇಟ್ಟ ಮಿತಿಯೊಳಗಿದೆಯಾ ಅಂತ. ಹೆಂಚಿನ ಮನೆ, ಎರಡು ಕುರಿ ಇದ್ದ ಮಾತ್ರಕ್ಕೆ ಯಾರೂ ಅನರ್ಹರಾಗುವುದಿಲ್ಲ. ಸುಳ್ಳು ಹೇಳುವ ಪ್ರಶ್ನೆಯೇ ಬರುವುದಿಲ್ಲ, ಆದಾಯದ ಕಾಲಂನಲ್ಲಿ ಇರುವುದನ್ನು ಬರೆದರೆ ಮುಗಿಯಿತು.

ನಾಡಕಚೇರಿಗೆ ಹೋಗುವಾಗ ತಂದೆಯವರ ಮರಣ ಪ್ರಮಾಣಪತ್ರ, ತಾಯಿಯ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಅಥವಾ ಅಂಚೆ ಖಾತೆಯ ಪಾಸ್‌ಬುಕ್ ಜೊತೆಯಲ್ಲಿರಲಿ, ಆದಾಯ ಪ್ರಮಾಣಪತ್ರ ಇಲ್ಲದಿದ್ದರೆ ಮೊದಲು ಅದಕ್ಕೆ ಅರ್ಜಿ ಕೊಡಿ. ಊರಿನ ಗ್ರಾಮ ಆಡಳಿತಾಧಿಕಾರಿ ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ಅವರು ಮನೆಗೆ ಬಂದಾಗ ಅಮ್ಮ ಮನೆಯಲ್ಲಿರುವಂತೆ ನೋಡಿಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಮೊದಲೇ ಖಚಿತ ಮಾಡಿಕೊಳ್ಳಿ, ಎಷ್ಟೋ ಮನೆಗಳಲ್ಲಿ ಮಂಜೂರಾದ ದುಡ್ಡು ಬರೀ ಇದೊಂದಕ್ಕೇ ನಿಂತುಹೋಗುತ್ತದೆ. 2021ರಲ್ಲಿ ಈ ವೇತನವನ್ನು 600ರಿಂದ 800 ರೂಪಾಯಿಗೆ ಏರಿಸಿದರು. ದೊಡ್ಡ ಮೊತ್ತ ಅಲ್ಲ, ಆದರೆ ಔಷಧಿಗೋ ಎಣ್ಣೆ ಬೇಳೆಗೋ ಮಗನ ಕೈ ನೋಡದೆ ಸ್ವಂತವಾಗಿ ಖರ್ಚು ಮಾಡಬಹುದಾದ ದುಡ್ಡು, ತಾಯಂದಿರಿಗೆ ಅದರ ಬೆಲೆ ಬೇರೆಯೇ.

ನನ್ನ ಅಭಿಪ್ರಾಯ ಕೇಳಿದರೆ, ಈ ಯೋಜನೆಯ ಹೆಸರಿನಿಂದ ಆ ವಿಶೇಷಣವನ್ನು ತೆಗೆಯಬೇಕು. ‘ವಿಧವಾ ವೇತನ’ ಅಂತ ಜನ ಹೇಗೂ ಹೇಳುತ್ತಾರೆ. ಅರ್ಹತೆ ಏನು ಅನ್ನುವುದು ನಿಯಮದಲ್ಲಿ ಇದ್ದರೆ ಸಾಕು, ಮಂಜೂರಾತಿ ಆದೇಶದ ತಲೆಯ ಮೇಲೆ ಇರಬೇಕಾಗಿಲ್ಲ. ನಿಮ್ಮ ತಾಯಿಯಂಥ ಎಷ್ಟು ಜನ ಆ ಒಂದು ಪದಕ್ಕೆ ಹಿಂಜರಿದು ಅರ್ಜಿಯನ್ನೇ ಹಾಕದೆ ಕೂತಿರಬಹುದು ಅಲ್ವಾ?

ಮಕ್ಕಳ ವಿಷಯದಲ್ಲಿ ಕಾನೂನು ಇಂಥ ಬದಲಾವಣೆ ಮಾಡಿದೆ. 1986ರ ಬಾಲನ್ಯಾಯ ಕಾಯ್ದೆಯಲ್ಲಿ ‘ನೆಗ್ಲೆಕ್ಟೆಡ್ ಜುವೆನೈಲ್’ (ಕಡೆಗಣಿಸಿದ ಮಗು) ಅನ್ನುವ ಪದ ಇತ್ತು. 2000ದ ಕಾಯ್ದೆಯಿಂದ ಅದು ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಗು’ ಆಯಿತು, 2015ರ ಕಾಯ್ದೆಯಲ್ಲೂ ಹಾಗೇ ಇದೆ. ಮಗುವಿನ ಮೇಲೆ ಹಣೆಪಟ್ಟಿ ಹಚ್ಚದೆ, ಮಗುವಿಗೆ ಏನು ಬೇಕು ಅನ್ನುವುದನ್ನು ಹೇಳಿದರು. ವಿಧವೆಯರಿಗೂ ಅಷ್ಟು ಮರ್ಯಾದೆ ಸಿಗಲಿ.

ಪ್ರಶ್ನೆ: ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಮಾಡುತ್ತೇನೆ. ಕೆಲವು ಅರ್ಜಿಗಳಲ್ಲಿ ‘ಇಂಡಿಜೆಂಟ್ ಪರ್ಸನ್’ ಅಂತ ಬರುತ್ತದೆ. ಹಳೆಯ ಫೈಲುಗಳಲ್ಲಿ ‘ಪಾಪರ್’. ಡೆಸ್ಟಿಟ್ಯೂಟ್ ಅಂತ ಬರೆದರೆ ನಡೆಯುತ್ತದಾ? (ಚಿಂತಾಮಣಿ)

ಉತ್ತರ: ಕೋರ್ಟಿನ ಕಾಗದದಲ್ಲಿ ಪದ ಬದಲಾಯಿಸಬೇಡಿ. ಅಲ್ಲಿ ‘ಇಂಡಿಜೆಂಟ್’ ಅನ್ನುವುದಕ್ಕೆ ಕಾನೂನೇ ಅಳತೆ ಕೊಟ್ಟಿದೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಲ್ಲಿ ಇದು ಬರುತ್ತದೆ. ದಾವೆ ಹೂಡುವುದಕ್ಕೆ ಕೋರ್ಟ್ ಫೀ ಕಟ್ಟುವಷ್ಟು ಶಕ್ತಿ ಇಲ್ಲದವರು ‘ಇಂಡಿಜೆಂಟ್ ಪರ್ಸನ್’. ಹೊಟ್ಟೆಗಿಲ್ಲದವರೇ ಆಗಬೇಕಾಗಿಲ್ಲ. ಆ ನಿರ್ದಿಷ್ಟ ಫೀ ಕಟ್ಟಲಾರದವರು, ಅಷ್ಟೇ. ಜಪ್ತಿ ಮಾಡುವ ಹಾಗಿಲ್ಲದ ಆಸ್ತಿಯನ್ನೂ, ಯಾವುದರ ಮೇಲೆ ದಾವೆ ನಡೆಯುತ್ತಿದೆಯೋ ಆ ಆಸ್ತಿಯನ್ನೂ ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಮೊದಲು ‘ಪಾಪರ್’ ಇತ್ತು, 1976ರ ತಿದ್ದುಪಡಿಯಲ್ಲಿ ಅದನ್ನು ತೆಗೆದು ‘ಇಂಡಿಜೆಂಟ್’ ಹಾಕಿದರು. ನಿಮ್ಮ ಹಳೆಯ ಫೈಲುಗಳು ಅದಕ್ಕೂ ಹಿಂದಿನವು ಇರಬೇಕು, ಇಲ್ಲವೇ ಹಳೇ ರೂಢಿಯಲ್ಲೇ ಬರೆದವು.

ಕಕ್ಷಿದಾರರಿಗೆ ಒಂದು ಮಾತು ತಿಳಿಸಿ, ಎಷ್ಟೋ ಜನಕ್ಕೆ ಇದು ಗೊತ್ತಿರುವುದಿಲ್ಲ. ಇಂಡಿಜೆಂಟ್ ಅಂತ ಕೋರ್ಟ್ ಒಪ್ಪಿದರೂ ಫೀ ಮಾಫ್ ಅಂತ ಅಲ್ಲ, ಸದ್ಯಕ್ಕೆ ಮುಂದಕ್ಕೆ ಹೋಗಿದೆ ಅಂತ. ದಾವೆ ಗೆದ್ದರೆ ಆ ಫೀಯನ್ನು ಯಾರು ಕಟ್ಟಬೇಕು ಅಂತ ಡಿಕ್ರಿಯಲ್ಲಿ ಬರೆಯುತ್ತಾರೆ, ಸೋತರೆ ದಾವೆ ಹೂಡಿದವರೇ ಕಟ್ಟಬೇಕಾಗುತ್ತದೆ. ಅರ್ಜಿಯ ಜೊತೆ ತಮ್ಮ ಸ್ಥಿರ ಚರ ಆಸ್ತಿಯ ಪಟ್ಟಿ, ಅಂದಾಜು ಬೆಲೆ ಸಮೇತ ಕೊಡಬೇಕು. ಒಂದು ಎಮ್ಮೆ ಇದ್ದರೆ ಅದನ್ನೂ ಬರೆಸಿ. ಮುಚ್ಚಿಟ್ಟದ್ದು ಆಮೇಲೆ ಹೊರಬಂದರೆ ಅರ್ಜಿಯೇ ಬಿದ್ದುಹೋಗಬಹುದು.

ಇನ್ನೊಂದು ದಾರಿಯೂ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಉಚಿತ ಕಾನೂನು ನೆರವಿಗೆ ಅರ್ಹರು, ಅವರಿಗೆ ಆದಾಯದ ಮಿತಿ ಇಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ನಿಮ್ಮ ಆಫೀಸಿಗೆ ಬರುವ ಬಡ ಹೆಂಗಸರಿಗೆ ಅದರ ಬಾಗಿಲು ತೋರಿಸಿದರೆ ಪುಣ್ಯದ ಕೆಲಸ.

ಪ್ರಶ್ನೆ: ಗಂಡ ಬಿಟ್ಟುಹೋಗಿ ನಾಲ್ಕು ವರ್ಷ. ಬ್ಲೌಸ್ ಹೊಲಿದು ಮಗಳನ್ನು ಸಾಕುತ್ತಿದ್ದೇನೆ. ಜೀವನಾಂಶ ಕೇಳೋಣ ಅಂದರೆ ಸಂಬಂಧಿಕರೊಬ್ಬರು ‘ನೀನು ಡೆಸ್ಟಿಟ್ಯೂಟ್ ಅಲ್ಲ, ಸಂಪಾದನೆ ಇದೆ, ನಿನಗೆ ಸಿಗಲ್ಲ’ ಅಂದರು. ನಿಜವಾ? (ಗೌರಿಬಿದನೂರು)

ಉತ್ತರ: ನಿಜ ಅಲ್ಲ. ದಯವಿಟ್ಟು ಆ ಮಾತು ಕೇಳಿ ಸುಮ್ಮನಾಗಬೇಡಿ.

ಜೀವನಾಂಶದ ಕಲಂ ಮೊದಲು ಅಪರಾಧ ಪ್ರಕ್ರಿಯಾ ಸಂಹಿತೆಯ 125 ಆಗಿತ್ತು, 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 144 ಆಗಿದೆ. ಅದರಲ್ಲಿ ಇರುವ ಮಾತು ‘ತನ್ನನ್ನು ತಾನು ಪೋಷಿಸಿಕೊಳ್ಳಲು ಅಸಮರ್ಥಳಾದ’ ಹೆಂಡತಿ ಅಂತ. ಡೆಸ್ಟಿಟ್ಯೂಟ್ ಅನ್ನುವ ಷರತ್ತು ಅಲ್ಲಿ ಇಲ್ಲವೇ ಇಲ್ಲ. ಆ ಪದ ಸುತ್ತಿಕೊಂಡದ್ದು ಬೇರೆ ಕಡೆಯಿಂದ. ಈ ಕಾನೂನು ಇರುವುದೇ ಹೆಂಡತಿ ಮಕ್ಕಳು ‘ಡೆಸ್ಟಿಟ್ಯೂಶನ್’ಗೆ ಬೀಳದ ಹಾಗೆ ತಡೆಯುವುದಕ್ಕೆ ಅಂತ ಕೋರ್ಟುಗಳು ತೀರ್ಪುಗಳಲ್ಲಿ ಮತ್ತೆ ಮತ್ತೆ ಬರೆದಿವೆ. ತಡೆಯುವುದಕ್ಕೆ ಅನ್ನುವ ಮಾತನ್ನು ಗಮನಿಸಿ. ಬಿದ್ದ ಮೇಲೆ ಬಂದು ಕೇಳಿ ಅಂತ ಅಲ್ಲ.

ಬಿಟ್ಟುಹೋದ ಮೇಲೆ ಹೆಂಡತಿ ಹೇಗೋ ಜೀವ ಹಿಡಿದುಕೊಳ್ಳುವುದಕ್ಕೆ ಮಾಡಿದ ಸಂಪಾದನೆಯನ್ನೇ ತೋರಿಸಿ ‘ಇವಳಿಗೆ ಜೀವನಾಂಶ ಬೇಡ’ ಅನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಗಂಡನ ಮನೆಯಲ್ಲಿದ್ದಾಗ ಇದ್ದ ಮಟ್ಟಕ್ಕೆ ಈಗಿನ ಸಂಪಾದನೆ ಸಾಲುತ್ತದಾ ಅಂತ ನೋಡಬೇಕು. ನೀವು ಹೊಲಿಗೆಯಿಂದ ಎಷ್ಟು ಬರುತ್ತದೆ ಅನ್ನುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ದಾರ, ಗುಂಡಿ, ಕರೆಂಟು, ಮಿಷನ್ ರಿಪೇರಿ ಕಳೆದು ಕೈಗೆ ಉಳಿಯುವುದು ಎಷ್ಟು, ಬಾಡಿಗೆ, ಮಗಳ ಸ್ಕೂಲ್ ಫೀಸು ಎಷ್ಟು, ಎಲ್ಲ ಲೆಕ್ಕ ಹಾಕಿ ಕೊಡಿ. ಮಗಳಿಗೆ ಬೇರೆಯಾಗಿ ಕೇಳುವ ಹಕ್ಕು ಇದೆ, ಅದನ್ನು ಅದೇ ಅರ್ಜಿಯಲ್ಲಿ ಸೇರಿಸಿ. ಮೇಲಿನ ಉತ್ತರದಲ್ಲಿ ಹೇಳಿದ ಕಾನೂನು ಸೇವಾ ಸಮಿತಿಗೆ ಹೋದರೆ ವಕೀಲರಿಗೆ ನೀವು ದುಡ್ಡು ಕೊಡಬೇಕಾಗಿಲ್ಲ.

ಪ್ರಶ್ನೆ: ಪಕ್ಕದ ಮನೆಯ ತಾತನಿಗೆ ಇಬ್ಬರು ಗಂಡುಮಕ್ಕಳಿದ್ದೂ ಊಟ ಹಾಕುತ್ತಿಲ್ಲ. ತಾತನ ಹೆಸರಲ್ಲಿ ಸ್ವಲ್ಪ ಜಮೀನಿದೆ, ಬೋರು ಬತ್ತಿ ಬೀಳುಬಿದ್ದಿದೆ. ಇಂಥವರನ್ನು ಡೆಸ್ಟಿಟ್ಯೂಟ್ ಅನ್ನಬಹುದಾ? ಪಕ್ಕದ ಮನೆಯವನಾಗಿ ಕೇಳುತ್ತಿದ್ದೇನೆ. (ಪಾವಗಡ)

ಉತ್ತರ: ಜನರ ಮಾತಿನಲ್ಲಿ ಅನ್ನಬಹುದು. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ, ಪಾವಗಡದ ಒಣ ಭೂಮಿಯಲ್ಲಿ ಬೋರು ಬತ್ತಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಅರ್ಜಿಯಲ್ಲಿ ಆ ಪದದ ಹಿಂದೆ ಹೋಗಬೇಡಿ. ‘ಮಕ್ಕಳು ನೋಡಿಕೊಳ್ಳುತ್ತಿಲ್ಲ’ ಅಂತ ನೇರವಾಗಿ ಬರೆಯಿರಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಕೇಳುವುದು ಅದನ್ನೇ. ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಕೊಟ್ಟರೆ ಮಕ್ಕಳು ತಿಂಗಳಿಗೆ ಇಷ್ಟು ಕೊಡಬೇಕು ಅಂತ ಆದೇಶ ಮಾಡಬಹುದು. ತಾತನಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿಸಿದ ಬೇರೆಯವರೂ ಅವರ ಪರ ಅರ್ಜಿ ಕೊಡಬಹುದು, ಅಂದರೆ ನೀವೂ ಕೊಡಬಹುದು. ಇದೇ ಕಾಯ್ದೆಯಲ್ಲಿ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ‘ಇಂಡಿಜೆಂಟ್’ ಹಿರಿಯರಿಗೆ ಜಾಗ ಇರುವ ವೃದ್ಧಾಶ್ರಮದ ಮಾತೂ ಇದೆ. ಪಕ್ಕದ ಮನೆಯ ಕಷ್ಟಕ್ಕೆ ಇಷ್ಟು ಯೋಚನೆ ಮಾಡಿ ಪತ್ರ ಬರೆದಿದ್ದೀರಿ, ಆ ತಾತನಿಗೆ ಒಂದು ದಿಕ್ಕು ಇದೆ ಅಂತ ಧೈರ್ಯವಾಯಿತು.

ಪ್ರಶ್ನೆ: ಸ್ಥಳೀಯ ಪತ್ರಿಕೆಗೆ ವರದಿ ಬರೆಯುತ್ತೇನೆ. ಎರಡು ಅನುಮಾನ. ‘ಡೆಸ್ಟಿಟ್ಯೂಟ್ಸ್’ ಅಂತ ಬಹುವಚನ ಮಾಡಬಹುದಾ? ಕನ್ನಡದಲ್ಲಿ ‘ನಿರಾಶ್ರಿತರು’ ಅಂತ ಬರೆದರೆ ಸರಿಯಾ? (ತುಮಕೂರು)

ಉತ್ತರ: ‘ಡೆಸ್ಟಿಟ್ಯೂಟ್ಸ್’ ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಿ, ಸರ್ಕಾರಿ ಕಾಗದಗಳಲ್ಲಿ ಕಾಣುತ್ತದೆ. ಆದರೂ ಒಳ್ಳೆಯ ಇಂಗ್ಲಿಷ್‌ನಲ್ಲಿ ಅದು ವಿಶೇಷಣ. ‘ದಿ ಡೆಸ್ಟಿಟ್ಯೂಟ್’ ಅಂದರೆ ಸಾಕು, ಅದೇ ಬಹುವಚನ, ಕ್ರಿಯಾಪದವೂ ಬಹುವಚನದಲ್ಲೇ ಬರಬೇಕು: ‘ದಿ ಡೆಸ್ಟಿಟ್ಯೂಟ್ ವರ್ ಗಿವನ್ ಫುಡ್’. ಒಬ್ಬರಾದರೆ ‘ಎ ಡೆಸ್ಟಿಟ್ಯೂಟ್ ಪರ್ಸನ್’. ಬೆಂಕಿ, ಪ್ರವಾಹದ ಸುದ್ದಿಯಲ್ಲಿ ತುಂಬಾ ಸಹಜವಾಗಿ ಬರುವ ರೂಪ ‘ಲೆಫ್ಟ್ ಡೆಸ್ಟಿಟ್ಯೂಟ್’. ‘ದಿ ಫೈರ್ ಲೆಫ್ಟ್ ತ್ರೀ ಫ್ಯಾಮಿಲೀಸ್ ಡೆಸ್ಟಿಟ್ಯೂಟ್’ ಅಂದರೆ ಬೆಂಕಿಯಿಂದ ಮೂರು ಕುಟುಂಬಗಳು ಬೀದಿಗೆ ಬಿದ್ದವು. ‘ಬೀದಿಗೆ ಬಿದ್ದವು’ ಅನ್ನುವುದೇ ಇಲ್ಲಿ ಸರಿಯಾದ ಕನ್ನಡ, ‘ನಿರ್ಗತಿಕಗೊಂಡವು’ ಅಂತೆಲ್ಲ ಎಳೆಯಬೇಡಿ.

‘ನಿರಾಶ್ರಿತರು’ ಗೊಂದಲದ ಪದ. ಯುದ್ಧ, ಗಲಭೆಗೆ ದೇಶ ಬಿಟ್ಟು ಬಂದವರಿಗೂ ನಾವು ಅದೇ ಪದ ಬಳಸುತ್ತೇವೆ, ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದ ಹೆಸರಿನಲ್ಲೂ ಅದೇ ಇದೆ. ಆ ಕೇಂದ್ರ ಇರುವುದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಭಿಕ್ಷುಕರ ಉಪಕರ ಅಂತ ತೆರಿಗೆಯ ಮೇಲೆ ಶೇ. 3 ಸೇರಿರುತ್ತದೆ. ನಾವೆಲ್ಲ ಕಟ್ಟುತ್ತಿದ್ದೇವೆ, ಹಾಗಾಗಿ ಆ ದುಡ್ಡು ದಿಕ್ಕಿಲ್ಲದವರಿಗೆ ಸರಿಯಾಗಿ ತಲುಪುತ್ತಿದೆಯಾ ಅಂತ ಕೇಳುವ ಹಕ್ಕು ನಿಮ್ಮಂಥ ವರದಿಗಾರರಿಗೆ ಚೆನ್ನಾಗಿಯೇ ಇದೆ. ವರದಿಯಲ್ಲಿ ಮನೆ ಇಲ್ಲದವರಿಗೆ ‘ಮನೆಯಿಲ್ಲದವರು’ ಅನ್ನಿ, ಯಾರೂ ಇಲ್ಲದವರಿಗೆ ‘ದಿಕ್ಕಿಲ್ಲದವರು’ ಅನ್ನಿ.

ಇನ್ನೊಂದು ವಿನಂತಿ. ಸಿದ್ಧಗಂಗೆಯಂಥ ಕಡೆ ಸಾವಿರಾರು ಮಕ್ಕಳು ಉಚಿತವಾಗಿ ಉಂಡು ಓದುತ್ತಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಯ ಬಡ ರೈತರ, ಕೂಲಿಯವರ ಮಕ್ಕಳು. ಅಪ್ಪ ಅಮ್ಮ ಇದ್ದಾರೆ, ಊರಿದೆ, ರಜೆಗೆ ಹೋಗಲು ಮನೆ ಇದೆ. ಇಂಥ ಮಕ್ಕಳ ಫೋಟೋ ಕೆಳಗೆ ‘ಡೆಸ್ಟಿಟ್ಯೂಟ್ ಚಿಲ್ಡ್ರನ್’ ಅಂತ ಸುಮ್ನೆ ಹಾಕಬೇಡಿ.

ಪ್ರಶ್ನೆ: ಹಳೆಯ ಮೈಸೂರು ರಾಜ್ಯದ ಬರದ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಆ ಜನರಿಗೆ ಈ ಪದ ಹಾಕಬಹುದಾ? (ಕೋಲಾರ)

ಉತ್ತರ: ಧಾರಾಳವಾಗಿ. 1876ರಿಂದ 78ರ ಬರಕ್ಕೆ ಇದಕ್ಕಿಂತ ತಕ್ಕ ಪದ ಸಿಗುವುದು ಕಷ್ಟ. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಇದ್ದರು, 1881ರಲ್ಲಿ ಸುಮಾರು 42 ಲಕ್ಷ. ದನ ಸತ್ತು, ಬಿತ್ತನೆ ಕಾಳನ್ನೂ ತಿಂದು ಮುಗಿಸಿ, ಊರಿಗೆ ಊರೇ ಎದ್ದು ಗಂಜಿ ಹುಡುಕಿಕೊಂಡು ಹೊರಟ ಕಾಲ ಅದು. ನೆರೆಯವರು ಕೊಡೋಣ ಅಂದರೆ ನೆರೆಯವರ ಮಡಕೆಯೂ ಖಾಲಿ. ನಿಮ್ಮ ಕೋಲಾರದಲ್ಲೇ ಆಗ ತಂದೆತಾಯಿ ಕಳೆದುಕೊಂಡ ಮಕ್ಕಳಿಗೆ ಮಿಷನರಿಗಳು ಅನಾಥಾಲಯ ನಡೆಸಿದರು. ಅದನ್ನು ಪ್ರಬಂಧದಲ್ಲಿ ಸೇರಿಸಿ, ನಮ್ಮ ಊರಿನ ವಿಷಯ ಇದ್ದರೆ ಓದುವವರಿಗೆ ಹತ್ತಿರವಾಗುತ್ತದೆ.

ಪ್ರಶ್ನೆ: ಉಚ್ಚಾರ ಹೇಗೆ? (ಕೊರಟಗೆರೆಯ ಪಿಯುಸಿ ವಿದ್ಯಾರ್ಥಿ)

ಉತ್ತರ: ಡೆಸ್‌-ಟಿ-ಟ್ಯೂಟ್. ಒತ್ತು ಮೊದಲ ‘ಡೆಸ್’ ಮೇಲೆ. ಅಮೆರಿಕದವರು ಕೊನೆಯದನ್ನು ‘ಟೂಟ್’ ಅನ್ನುತ್ತಾರೆ, ಎರಡೂ ಸರಿ. ನಾಮಪದ ‘ಡೆಸ್ಟಿಟ್ಯೂಶನ್’, ಅಲ್ಲಿ ಒತ್ತು ‘ಟ್ಯೂ’ ಮೇಲೆ ಹೋಗುತ್ತದೆ. ‘ಡೆಸ್ಟಿಟ್ಯೂಟೆಡ್’ ಅಂತ ಕೆಲವರು ಬರೆಯುತ್ತಾರೆ, ಅದು ಬೇಡ.